ಎದೆಯ ಗುಳಿ ಮುಚ್ಚಿಡುವ ವಿಷಯವಲ್ಲ: ಹೆತ್ತವರಿಗೆ ಒಂದಿಷ್ಟು ಕಿವಿಮಾತು

ಎದೆಯ ನಡುವೆ ಗುಳಿ ಬಿದ್ದ ಮಗು, ಇಲ್ಲವೇ ಎದೆಮೂಳೆ ಮುಂದಕ್ಕೆ ಉಬ್ಬಿದ ಮಗು ಮನೆಯಲ್ಲಿದ್ದರೆ ಹೆತ್ತವರು ಹೆಚ್ಚಾಗಿ ಎರಡರಲ್ಲೊಂದು ದಾರಿ ಹಿಡಿಯುತ್ತಾರೆ. "ಬೆಳೀತಾ ಬೆಳೀತಾ ಸರಿಹೋಗತ್ತೆ ಬಿಡಿ" ಎಂದು ಸುಮ್ಮನಾಗುತ್ತಾರೆ. ಇಲ್ಲವೇ ಯಾರ ಕಣ್ಣಿಗೂ ಬೀಳದಿರಲಿ ಎಂದು ಸೆಕೆಗಾಲದಲ್ಲೂ ಅಂಗಿ ಬಿಚ್ಚಲು ಬಿಡುವುದಿಲ್ಲ. ಎರಡರಲ್ಲೂ ನಷ್ಟ ಮಗುವಿಗೇ.

ಬಹುಕಾಲ ಪ್ರೌಢಶಾಲೆಯಲ್ಲಿ ಪಾಠ ಹೇಳಿದವಳು ನಾನು. ನನ್ನ ಮೊಮ್ಮಗನ ಎದೆಯಲ್ಲೂ ಗುಳಿಯಿತ್ತು. ಪರೀಕ್ಷೆ, ಶಸ್ತ್ರಚಿಕಿತ್ಸೆ, ಆಮೇಲಿನ ಆರೈಕೆ ಎಲ್ಲವನ್ನೂ ಪಕ್ಕದಲ್ಲೇ ಇದ್ದು ನೋಡಿದ್ದೇನೆ. ಕಂಡದ್ದನ್ನೂ, ವೈದ್ಯರಲ್ಲಿ ಕೇಳಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಹೇಳುತ್ತಿದ್ದೇನೆ. ಎದೆಯ ಆಕಾರವನ್ನು ನೋಡಿಕೊಳ್ಳಲು ವೈದ್ಯರಿದ್ದಾರೆ. ಅದು ಮಗುವಿನ ಪಾಲಿಗೆ ನಾಚಿಕೆಯ ವಿಷಯ ಆಗದಂತೆ ನೋಡಿಕೊಳ್ಳಬೇಕಾದವರು ಮನೆಯವರು. ಕೆಳಗಿನ ಎಲ್ಲ ಮಾತುಗಳ ಹಿಂದೆ ಇರುವುದು ಇದೊಂದೇ.

ಮೊದಲು ವಿಷಯ ತಿಳಿದುಕೊಳ್ಳಿ

• ಹೆಸರು ಗೊತ್ತಿರಲಿ. ಎದೆಮೂಳೆ ಒಳಕ್ಕೆ ತಗ್ಗಿದ್ದರೆ ವೈದ್ಯರು ಪೆಕ್ಟಸ್ ಎಕ್ಸ್‌ಕವೇಟಮ್ ಎನ್ನುತ್ತಾರೆ. ಮುಂದಕ್ಕೆ ಉಬ್ಬಿದ್ದರೆ ಪೆಕ್ಟಸ್ ಕ್ಯಾರಿನೇಟಮ್; ಜನರ ಬಾಯಲ್ಲಿ ಪಾರಿವಾಳದ ಎದೆ. ಒಂದು ಬದಿಯ ಎದೆಯ ಸ್ನಾಯು ಹುಟ್ಟಿನಿಂದಲೇ ಇಲ್ಲದಿದ್ದರೆ ಅದು ಪೋಲೆಂಡ್ ಸಿಂಡ್ರೋಮ್. ಅಂಥ ಕೆಲವು ಮಕ್ಕಳಲ್ಲಿ ಅದೇ ಬದಿಯ ಕೈಬೆರಳುಗಳು ಮೊಟಕಾಗಿರುವುದು, ಒಂದಕ್ಕೊಂದು ಅಂಟಿಕೊಂಡಿರುವುದೂ ಉಂಟು. ನಿಮ್ಮ ಮಗುವಿಗೆ ಯಾವುದು ಎಂಬುದನ್ನು ವೈದ್ಯರಿಂದ ಬರೆಸಿಕೊಂಡು ಕಡತದಲ್ಲಿಡಿ. ಪ್ರತಿಯೊಂದಕ್ಕೂ ಚಿಕಿತ್ಸೆ ಬೇರೆ.

• ಇದು ಅಪರೂಪದ ಕಾಯಿಲೆಯೆಂದು ಕಂಗೆಡಬೇಡಿ. ಗುಳಿಬಿದ್ದ ಎದೆ ಸುಮಾರು 300ರಿಂದ 400 ಮಕ್ಕಳಿಗೊಬ್ಬರಂತೆ ಕಂಡುಬರುತ್ತದೆ. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಹಲವು ಪಟ್ಟು ಹೆಚ್ಚು. ದೊಡ್ಡ ಶಾಲೆಯೊಂದರಲ್ಲಿ ಇಂಥ ಒಂದಿಬ್ಬರು ಮಕ್ಕಳಾದರೂ ಇದ್ದೇ ಇರುತ್ತಾರೆ. ಅಂಗಿಯೊಳಗೆ ಇರುವುದರಿಂದ ಒಬ್ಬರದು ಇನ್ನೊಬ್ಬರಿಗೆ ಗೊತ್ತಾಗುವುದಿಲ್ಲ, ಅಷ್ಟೇ.

• ತಾಯಿಯನ್ನು ದೂರಬೇಡಿ. ಪಕ್ಕೆಲುಬುಗಳನ್ನು ಎದೆಮೂಳೆಗೆ ಜೋಡಿಸುವ ಮೃದ್ವಸ್ಥಿಗಳ ಬೆಳವಣಿಗೆಯಲ್ಲಿ ಏರುಪೇರಾದಾಗ ಎದೆಮೂಳೆ ಒಳಕ್ಕೋ ಹೊರಕ್ಕೋ ತಳ್ಳಲ್ಪಡುತ್ತದೆ. ಕೆಲವು ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬರುವುದೂ ಇದೆ. ಬಸುರಿಯಾಗಿದ್ದಾಗ ಗ್ರಹಣ ನೋಡಿದ್ದರಿಂದಾಗಲಿ, ಭಾರ ಎತ್ತಿದ್ದರಿಂದಾಗಲಿ, ಮಗುವನ್ನು ಬೋರಲು ಮಲಗಿಸಿದ್ದರಿಂದಾಗಲಿ ಇದು ಬರುವುದಿಲ್ಲ. ಹಿರಿಯರು ಅಂಥ ಮಾತು ತೆಗೆದರೆ ಗಂಡನಾದವನು ಅಲ್ಲೇ ತಡೆಯಬೇಕು. ತನ್ನಿಂದಲೇ ಹೀಗಾಯಿತೆಂದು ಕೊರಗುವ ತಾಯಿ ಮಗುವಿಗೆ ಧೈರ್ಯ ತುಂಬುವುದು ಕಷ್ಟ.

• ಹದಿಹರೆಯದ ಮೇಲೆ ಕಣ್ಣಿಡಿ. ಗುಳಿ ಅನೇಕರಲ್ಲಿ ಕೂಸಾಗಿದ್ದಾಗಲೇ ಕಾಣುತ್ತದೆ. ಉಬ್ಬು ಹೆಚ್ಚಾಗಿ ಹತ್ತು ಹನ್ನೊಂದರ ನಂತರ ಎದ್ದು ಕಾಣುತ್ತದೆ. ಮಗು ಸರಸರನೆ ಎತ್ತರವಾಗುವ ವರ್ಷಗಳಲ್ಲಿ ಎರಡೂ ಹೆಚ್ಚಾಗಬಹುದು. ಐದನೇ ವಯಸ್ಸಿನಲ್ಲಿ "ಏನೂ ಬೇಡ" ಎಂದಿದ್ದ ವೈದ್ಯರು ಹದಿಮೂರರಲ್ಲಿ ಬೇರೆ ಮಾತು ಹೇಳಬಹುದು. ಆದ್ದರಿಂದ ಒಮ್ಮೆ ತೋರಿಸಿ ಮರೆಯಬೇಡಿ.

• ಕೂಸಿನ ಎದೆ ಉಸಿರಿನೊಂದಿಗೆ ಒಳಕ್ಕೆ ಹೋಗುತ್ತಿದ್ದರೆ ಅದು ಬೇರೆ ವಿಷಯ. ಆರಾಮವಾಗಿ ಮಲಗಿದಾಗಲೂ ಗುಳಿ ಇದ್ದಲ್ಲೇ ಇದ್ದರೆ ಅದು ಎದೆಗೂಡಿನ ಆಕಾರ. ಆದರೆ ಜ್ವರ, ಕೆಮ್ಮು, ಏದುಸಿರಿನ ಜೊತೆಗೆ ಪ್ರತಿ ಉಸಿರಿಗೂ ಪಕ್ಕೆಯ ಸಂದುಗಳು ಒಳಕ್ಕೆ ಸೆಳೆದರೆ, ತುಟಿ ನೀಲಿಯಾದರೆ, ಮಗು ಹಾಲು ಕುಡಿಯಲಾರದೆ ಸೋತರೆ ಅದು ಉಸಿರಾಟದ ತೊಂದರೆ. "ಇವನ ಎದೆ ಇರೋದೇ ಹೀಗೆ" ಎಂದು ಕೂರದೆ ತಕ್ಷಣ 108ಕ್ಕೆ ಕರೆ ಮಾಡಿ.

• ನೀರು ಹಾಕುವಾಗ ಎದೆ ಒತ್ತಿಸಬೇಡಿ. ಬಾಣಂತನದ ಮನೆಗಳಲ್ಲಿ ಎಣ್ಣೆ ಹಚ್ಚಿ ಕೂಸಿನ ತಲೆ, ಮೂಗು, ಎದೆ ತಿದ್ದುವ ಅಭ್ಯಾಸ ಇನ್ನೂ ಇದೆ. ಮೆಲ್ಲಗೆ ಎಣ್ಣೆ ನೀವುವುದರಿಂದ ಕೆಡುಕಿಲ್ಲ. ಗುಳಿ ಎತ್ತಲೆಂದು ಪಕ್ಕೆ ಹಿಂಡುವುದು, ಉಬ್ಬು ಇಳಿಯಲೆಂದು ಅದುಮುವುದು, ಬಿಗಿಯಾಗಿ ಬಟ್ಟೆ ಸುತ್ತುವುದು ಬೇಡ. ಎಳೆಯ ಎಲುಬಿಗೆ ಪೆಟ್ಟಾಗುತ್ತದೆ, ಉಸಿರು ಕಟ್ಟುತ್ತದೆ. ಬರೆ ಹಾಕಿಸುವ ಮಾತಂತೂ ಮನೆಯಲ್ಲಿ ಏಳಲೇಬಾರದು.

• ರಿಕೆಟ್ಸ್ ಇದೆಯೇ ಎಂದು ಕೇಳಿ. ವಿಟಮಿನ್ ಡಿ ಕೊರತೆಯಿಂದ ಬರುವ ರಿಕೆಟ್ಸ್ ರೋಗದಲ್ಲೂ ಎದೆ ಮುಂದಕ್ಕೆ ಉಬ್ಬಬಹುದು. ಮಣಿಕಟ್ಟು ದಪ್ಪಗಾಗುವುದು, ಕಾಲು ಬಿಲ್ಲಾಗುವುದು, ಪಕ್ಕೆಯ ಮೇಲೆ ಸಾಲಾಗಿ ಗಂಟು ಕೈಗೆ ಸಿಗುವುದು ಇದರ ಕುರುಹುಗಳು. ರಕ್ತ ಪರೀಕ್ಷೆ ಮತ್ತು ಎಕ್ಸ್‌ರೇಯಿಂದ ತಿಳಿಯುತ್ತದೆ, ಔಷಧಿಯೂ ಇದೆ. ಆದರೆ ರಿಕೆಟ್ಸ್ ಇಲ್ಲದ ಮಗುವಿಗೆ ಕ್ಯಾಲ್ಸಿಯಂ ಮಾತ್ರೆ, ರಾಗಿ ಅಂಬಲಿ ಎಷ್ಟು ಕೊಟ್ಟರೂ ಎದೆಯ ಗುಳಿ ತುಂಬುವುದಿಲ್ಲ. ರಾಗಿ ಕೊಡಿ, ಮಗುವಿಗೆ ಒಳ್ಳೆಯದು. ಗುಳಿಗೆ ಮದ್ದೆಂದು ಕೊಡಬೇಡಿ.

ವೈದ್ಯರ ಬಳಿ ಹೋಗುವಾಗ

• ಮೊದಲು ಮಕ್ಕಳ ವೈದ್ಯರು, ಆಮೇಲೆ ಮಕ್ಕಳ ಶಸ್ತ್ರಚಿಕಿತ್ಸಾ ತಜ್ಞರು. ಹಳ್ಳಿಯಲ್ಲಿದ್ದರೆ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ಬರುತ್ತದೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ಅವರು ತಪಾಸಣೆ ಮಾಡಿ ಮೇಲಿನ ಆಸ್ಪತ್ರೆಗೆ ಚೀಟಿ ಕೊಡುತ್ತಾರೆ. ತಂಡ ಬಂದ ದಿನ ಮಗುವನ್ನು ಶಾಲೆ ತಪ್ಪಿಸಬೇಡಿ. "ಎದೆ ನೋಡಿ" ಎಂದು ನೀವಾಗಿಯೇ ಹೇಳಿ.

• ಫೋಟೊ ತೆಗೆದಿಡಿ, ಅಳತೆ ಬರೆದಿಡಿ. ಆರು ತಿಂಗಳಿಗೊಮ್ಮೆ ಅದೇ ಜಾಗ, ಅದೇ ಬೆಳಕಿನಲ್ಲಿ ಮುಂದಿನಿಂದ ಒಂದು, ಎರಡೂ ಪಕ್ಕದಿಂದ ಒಂದೊಂದು ಫೋಟೊ. ಮಗುವನ್ನು ಅಂಗಾತ ಮಲಗಿಸಿ ಗುಳಿಯ ಮೇಲೆ ಅಡ್ಡಲಾಗಿ ಒಂದು ಸ್ಕೇಲು ಇಟ್ಟು, ಇನ್ನೊಂದನ್ನು ನೆಟ್ಟಗೆ ಇಳಿಸಿದರೆ ಆಳ ಸಿಗುತ್ತದೆ. ಗುಳಿ ಬದಲಾಗಿದೆಯೇ ಎಂಬುದಕ್ಕೆ ನೆನಪಿಗಿಂತ ಈ ಬರಹವೇ ಗಟ್ಟಿ ಸಾಕ್ಷಿ. ಫೋಟೊ ತೆಗೆಯುವ ಮುಂಚೆ ಮಗುವಿನ ಒಪ್ಪಿಗೆ ಕೇಳಿ. ಸಲಹೆ ಕೇಳುವ ನೆಪದಲ್ಲೂ ಆ ಫೋಟೊ ಕುಟುಂಬದ ವಾಟ್ಸಾಪ್ ಗುಂಪಿಗೆ ಹೋಗಬಾರದು.

• ಪರೀಕ್ಷೆಗಳು ಯಾಕೆಂದು ತಿಳಿದಿರಿ. ಗುಳಿ ಆಳವಾಗಿದ್ದರೆ ಹೃದಯ ಎಡಕ್ಕೆ ಸರಿದು ಒತ್ತಿಕೊಂಡಿರಬಹುದು, ಶ್ವಾಸಕೋಶ ಹಿಗ್ಗಲು ಜಾಗ ಸಾಲದಿರಬಹುದು. ಅದಕ್ಕೇ ಇಸಿಜಿ, ಎಕೋ, ಉಸಿರಿನ ಸಾಮರ್ಥ್ಯದ ಪರೀಕ್ಷೆ. ಬೆನ್ನುಮೂಳೆ ಪಕ್ಕಕ್ಕೆ ವಾಲಿದೆಯೇ ಎಂದೂ ನೋಡುತ್ತಾರೆ. ಇಂಥ ಮಕ್ಕಳಲ್ಲಿ ಅದು ಹೆಚ್ಚು.

• ಹ್ಯಾಲರ್ ಸೂಚ್ಯಂಕ ಎಂಬ ಮಾತು ಕಿವಿಗೆ ಬೀಳುತ್ತದೆ. ಅಮೆರಿಕದ ಶಸ್ತ್ರಚಿಕಿತ್ಸಕ ಹ್ಯಾಲರ್ ಮತ್ತು ಸಂಗಡಿಗರು 1987ರಲ್ಲಿ ಕೊಟ್ಟ ಲೆಕ್ಕ ಇದು. ಸಿಟಿ ಸ್ಕ್ಯಾನಿನಲ್ಲಿ ಎದೆಯೊಳಗಿನ ಅಗಲವನ್ನು, ಎದೆಮೂಳೆಗೂ ಬೆನ್ನುಮೂಳೆಗೂ ನಡುವಿನ ಅಂತರದಿಂದ ಭಾಗಿಸುತ್ತಾರೆ. ಅಗಲ 25 ಸೆಂ.ಮೀ., ಅಂತರ 10 ಸೆಂ.ಮೀ. ಇದ್ದರೆ 2.5; ಇದು ಸಾಮಾನ್ಯ. ಅಗಲ 26, ಅಂತರ 6.5 ಮಾತ್ರ ಇದ್ದರೆ 4. ಸಂಖ್ಯೆ 3.25 ದಾಟಿದರೆ ಗುಳಿ ತೀವ್ರವಾದದ್ದು, ಶಸ್ತ್ರಚಿಕಿತ್ಸೆಯ ಬಗ್ಗೆ ಯೋಚಿಸಬಹುದು ಎಂದು ಎಣಿಸುತ್ತಾರೆ. ಇದೊಂದೇ ಸಂಖ್ಯೆ ನೋಡಿ ಯಾರೂ ತೀರ್ಮಾನಿಸುವುದಿಲ್ಲ. ಮಗುವಿಗೆ ಆಗುತ್ತಿರುವ ತೊಂದರೆ, ಹೃದಯ ಮತ್ತು ಶ್ವಾಸಕೋಶದ ಸ್ಥಿತಿ ಎಲ್ಲವನ್ನೂ ಕೂಡಿಸಿ ನೋಡುತ್ತಾರೆ.

• ಮಾರ್ಫಾನ್ ಸಿಂಡ್ರೋಮಿನ ಬಗ್ಗೆ ಕೇಳಲು ಮರೆಯಬೇಡಿ. ಮಗು ವಯಸ್ಸಿಗೆ ಮೀರಿ ಎತ್ತರ, ಸಣಕಲು, ಕೈಕಾಲು ಬೆರಳುಗಳು ಉದ್ದ, ಕಣ್ಣಿಗೆ ದಪ್ಪ ಕನ್ನಡಕ, ಮನೆತನದಲ್ಲಿ ಎಳೆ ವಯಸ್ಸಿನಲ್ಲೇ ಹಠಾತ್ತನೆ ತೀರಿಹೋದವರು ಇದ್ದಾರೆ ಎಂದರೆ ಅದನ್ನೆಲ್ಲ ವೈದ್ಯರಿಗೆ ಹೇಳಿ. ಮಾರ್ಫಾನ್‌ನಲ್ಲಿ ಹೃದಯದಿಂದ ಹೊರಡುವ ಮಹಾಧಮನಿ ಹಿಗ್ಗುತ್ತದೆ. ಎಕೋ ಮಾಡಿಸಿದರೆ ತಿಳಿಯುತ್ತದೆ. ತಡವಾದರೆ ಜೀವಕ್ಕೇ ಅಪಾಯ.

• ತಡಮಾಡಬಾರದ ಲಕ್ಷಣಗಳು: ಓಡುವಾಗ ತಲೆ ಸುತ್ತಿ ಬೀಳುವುದು, ಎದೆ ಡವಡವ ಹೊಡೆದುಕೊಳ್ಳುವುದು, ಎದೆನೋವು, ಓರಗೆಯವರು ಸಲೀಸಾಗಿ ಹತ್ತುವ ಮೆಟ್ಟಿಲಿಗೇ ಏದುಸಿರು. ಕೆಲವು ಮಕ್ಕಳು ಹೇಳಿಕೊಳ್ಳುವುದಿಲ್ಲ. "ನಂಗೆ ಆಟ ಇಷ್ಟ ಇಲ್ಲ" ಎಂದು ಪಕ್ಕಕ್ಕೆ ಕೂರುತ್ತಾರೆ. ಇಷ್ಟ ಇಲ್ಲವೋ, ಆಗುತ್ತಿಲ್ಲವೋ ಕೇಳಿ ನೋಡಿ.

• ವೈದ್ಯರ ಮುಂದೆ ಮಗುವೇ ಮಾತಾಡಲಿ. ಎಲ್ಲ ಪ್ರಶ್ನೆಗೂ ನೀವೇ ಉತ್ತರ ಕೊಟ್ಟರೆ ಮಗು ತನ್ನ ಮೈ ತನ್ನದಲ್ಲ ಎಂಬಂತೆ ತಲೆತಗ್ಗಿಸುತ್ತದೆ. ಹತ್ತು ಜನ ಓಡಾಡುವ ಕಡೆ ಅಂಗಿ ಬಿಚ್ಚಿಸದೆ ಪರದೆಯ ಮರೆಯಲ್ಲಿ ನೋಡುವಂತೆ ಕೇಳಿಕೊಳ್ಳಿ. ಹಾಗೆ ಕೇಳುವ ಹಕ್ಕು ನಿಮಗಿದೆ. ಕಲಿಯುವ ವಿದ್ಯಾರ್ಥಿಗಳಿಗೆ ತೋರಿಸುವುದಾದರೆ ಮೊದಲು ಮಗುವನ್ನು ಕೇಳಲಿ.

ಮನೆಯಲ್ಲಿ ಆಡುವ ಮಾತು

• ಮಗು ಕೇಳುವ ಮುಂಚೆಯೇ ಸರಳವಾಗಿ ಹೇಳಿ. "ನಿನ್ನ ಎದೆಯ ಮೂಳೆ ಸ್ವಲ್ಪ ಒಳಕ್ಕೆ ಬೆಳೆದಿದೆ. ತುಂಬ ಮಕ್ಕಳಿಗೆ ಹೀಗಿರತ್ತೆ. ವರ್ಷಾ ವರ್ಷಾ ಡಾಕ್ಟರಿಗೆ ತೋರಿಸ್ತೀವಿ. ಬೇಕಾದರೆ ಸರಿಮಾಡೋ ದಾರಿ ಇದೆ." ಇಷ್ಟು ಸಾಕು. ಯಾರಾದರೂ ಕೇಳಿದಾಗ ಹೇಳಲು ಮಗುವಿಗೂ ಒಂದು ವಾಕ್ಯ ಕಲಿಸಿಕೊಡಿ: "ಹುಟ್ಟಿದಾಗಿನಿಂದ ಹೀಗೇ ಇದೆ, ಅಂಟೋದಲ್ಲ." ಮಾತು ಕೈಯಲ್ಲಿದ್ದರೆ ಮಗು ಓಡಿ ಅಡಗುವುದಿಲ್ಲ.

• ಅಡ್ಡಹೆಸರು ಮನೆಯೊಳಗೆ ಹುಟ್ಟಬಾರದು. ಪ್ರೀತಿಯಿಂದಲೇ ಆದರೂ "ಗುಂಡಿ ಎದೆ" ಎಂದು ಕರೆಯುವ ಚಿಕ್ಕಪ್ಪ, ಮಾವ ಇದ್ದರೆ ಒಂದೇ ಸಲ ಗಟ್ಟಿಯಾಗಿ ಹೇಳಿ ನಿಲ್ಲಿಸಿ. ಶಾಲೆಯಲ್ಲಿ ಸಿಗುವ ಹೆಸರಿಗಿಂತ ಮನೆಯಲ್ಲಿ ಸಿಗುವ ಹೆಸರು ಆಳಕ್ಕೆ ಇಳಿಯುತ್ತದೆ.

• ಅಂಗಿ ಬಿಚ್ಚುವ ಸಂದರ್ಭಗಳನ್ನು ಮೊದಲೇ ಮಾತಾಡಿಕೊಳ್ಳಿ. ನಮ್ಮಲ್ಲಿ ಇವು ಸಾಕಷ್ಟಿವೆ. ದಕ್ಷಿಣ ಕನ್ನಡ, ಉಡುಪಿಯ ಎಷ್ಟೋ ದೇವಸ್ಥಾನಗಳಲ್ಲಿ ಗಂಡಸರು ಅಂಗಿ ತೆಗೆದೇ ಒಳಗೆ ಹೋಗಬೇಕು. ಉಪನಯನದಲ್ಲಿ ವಟು ನೆಂಟರಿಷ್ಟರ ಮುಂದೆ ಬರಿಮೈಯಲ್ಲಿ ಕೂರುತ್ತಾನೆ. ಹೊಳೆ ಸ್ನಾನ, ಕೆರೆ ಬಾವಿಯ ಈಜು, ಗರಡಿಮನೆ ಇವೆ. ಹೊರಡುವ ಮುಂಚೆ ಮಗುವನ್ನು ಕೇಳಿ. ಹೆಗಲ ಮೇಲೆ ಶಲ್ಯ ಹೊದೆಯಬಹುದು, ಜನ ಕಡಿಮೆ ಇರುವ ಹೊತ್ತಿಗೆ ದರ್ಶನಕ್ಕೆ ಹೋಗಬಹುದು. ಮಗುವೇ "ಪರವಾಗಿಲ್ಲ" ಎಂದರೆ ನೀವು ಮುಚ್ಚಲು ಹೋಗಬೇಡಿ. ನಿಮ್ಮ ಮುಖದಲ್ಲಿ ಅಳುಕು ಕಂಡರೆ ಅದೇ ಅವನಿಗೂ ಅಂಟುತ್ತದೆ.

• ಹೆಣ್ಣುಮಗಳಾದರೆ ತಾಯಿ ಇನ್ನಷ್ಟು ಹತ್ತಿರ ಇರಬೇಕು. ಮೈ ತುಂಬುವ ವಯಸ್ಸಿನಲ್ಲಿ ಎರಡು ಸ್ತನಗಳು ಒಳಮುಖವಾಗಿ ವಾಲಿದಂತೆಯೋ, ಒಂದು ಚಿಕ್ಕದಾಗಿಯೋ ಕಾಣಬಹುದು. ಎದೆಗೂಡಿನ ಆಕಾರದಿಂದ ಹೀಗಾಗಿದೆ ಎಂದು ತಿಳಿಸಿ ಹೇಳಿ. ಅಳತೆಗೆ ಸರಿಹೊಂದುವ ಒಳಉಡುಪು ಕೊಡಿಸಿ. "ನಾಳೆ ಮದುವೆ ಹೇಗೆ" ಎಂಬ ಮಾತು ಅವಳ ಕಿವಿಗೆ ಬೀಳಬಾರದು. ಹನ್ನೆರಡು ವರ್ಷದ ಹುಡುಗಿಗೆ ಬೇಕಾದದ್ದು ಅವಳ ಆರೋಗ್ಯದ ಮಾತು.

• ಗೂನು ಬೀಳದಂತೆ ನೋಡಿಕೊಳ್ಳಿ. ಗುಳಿ ಕಾಣಬಾರದೆಂದು ಈ ಮಕ್ಕಳು ಹೆಗಲು ಮುಂದಕ್ಕೆ ತಂದು ಕುಗ್ಗಿ ನಡೆಯುತ್ತಾರೆ. ಅದರಿಂದ ಗುಳಿ ಇನ್ನೂ ಆಳವಾಗಿ ಕಾಣುತ್ತದೆ, ಬೆನ್ನೂ ನೋಯುತ್ತದೆ. ದಿನಕ್ಕೆ ಹತ್ತು ಸಲ "ನೆಟ್ಟಗೆ ನಿಲ್ಲು" ಎಂದು ಗದರುವುದರಿಂದ ಪ್ರಯೋಜನವಿಲ್ಲ. ಬೆಳಿಗ್ಗೆ ನೀವೂ ಜೊತೆಗೆ ನಿಂತು ಭುಜಂಗಾಸನ, ತೋಳು ಹಿಂದಕ್ಕೆ ಸೆಳೆಯುವ ವ್ಯಾಯಾಮ, ನಿಧಾನವಾದ ದೀರ್ಘ ಉಸಿರು ಮಾಡಿಸಿ.

• ಮೌನಕ್ಕೆ ಕಿವಿಗೊಡಿ. ಕನ್ನಡಿ ತಪ್ಪಿಸುವುದು, ಸೆಕೆಯಲ್ಲೂ ಎರಡು ಅಂಗಿ ತೊಡುವುದು, ಗೆಳೆಯರ ಮನೆಗೆ ಹೋಗದಿರುವುದು, ಊಟ ನಿದ್ದೆ ಕೆಡುವುದು ಇವೆಲ್ಲ ಮಗು ಒಳಗೇ ನೋಯುತ್ತಿರುವುದರ ಗುರುತು. "ಇಷ್ಟಕ್ಕೆಲ್ಲ ಅಳ್ತಾರಾ" ಎನ್ನಬೇಡಿ. ಮಾತಾಡಿಸಿ, ಆಗದಿದ್ದರೆ ಆಪ್ತಸಮಾಲೋಚಕರ ಹತ್ತಿರ ಕರೆದೊಯ್ಯಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

• ಒಡಹುಟ್ಟಿದವರನ್ನು ಮರೆಯಬೇಡಿ. ಆಸ್ಪತ್ರೆ ಓಡಾಟದಲ್ಲಿ ಮನೆಯ ಇನ್ನೊಂದು ಮಗು ಬದಿಗೆ ಸರಿಯುತ್ತದೆ. ಅದಕ್ಕೂ ವಿಷಯ ತಿಳಿಸಿ, ಅದರ ಎದೆ ಬೆನ್ನನ್ನೂ ಒಮ್ಮೆ ವೈದ್ಯರಿಗೆ ತೋರಿಸಿ.

ಶಾಲೆ ಮತ್ತು ಆಟ

• ತರಗತಿ ಶಿಕ್ಷಕರಿಗೂ ದೈಹಿಕ ಶಿಕ್ಷಕರಿಗೂ ವರ್ಷದ ಮೊದಲ ವಾರವೇ ತಿಳಿಸಿ. ಮಗುವಿನ ಒಪ್ಪಿಗೆ ಪಡೆದೇ ತಿಳಿಸಿ. ಏನು ಮಾಡಬಹುದು, ಏನು ಬೇಡ ಎಂದು ವೈದ್ಯರಿಂದ ಒಂದು ಚೀಟಿ ಬರೆಸಿ ಕೊಡಿ. ಚೀಟಿ ಇಲ್ಲದಿದ್ದರೆ ಕೆಲವರು ಹೆದರಿ ಮಗುವನ್ನು ಆಟದಿಂದ ಪೂರ್ತಿ ಹೊರಗಿಡುತ್ತಾರೆ. ಇನ್ನು ಕೆಲವರು ಸೋಮಾರಿ ಎಂದು ಓಡಿಸುತ್ತಾರೆ.

• ಆಟ ಬಿಡಿಸಬೇಡಿ. ಹೃದಯ, ಮಹಾಧಮನಿಯ ತೊಂದರೆ ಇಲ್ಲವೆಂದು ವೈದ್ಯರು ಹೇಳಿದ ಮೇಲೆ ಮಗು ಓಡಲಿ, ಈಜಲಿ, ಸೈಕಲ್ ತುಳಿಯಲಿ. ಅಮೆರಿಕದ ಈಜುಗಾರ ಕೋಡಿ ಮಿಲ್ಲರ್ ಅವರ ಎದೆಯಲ್ಲಿ ಇಂಥದೇ ಗುಳಿ ಇದೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅವರು 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಕಂಚು ಗೆದ್ದರು. ಮೈಕೆಲ್ ಫೆಲ್ಪ್ಸ್ ಇದ್ದ ಮೆಡ್ಲೆ ರಿಲೇ ತಂಡದಲ್ಲಿ ಈಜಿ ಚಿನ್ನವನ್ನೂ ಪಡೆದರು. ಜಗತ್ತೆಲ್ಲ ನೋಡುತ್ತಿದ್ದಾಗ ಬರಿಮೈಯಲ್ಲಿ ನಿಂತವರು ಅವರು. ಆ ಸ್ಪರ್ಧೆಯ ವಿಡಿಯೊ ಮಗುವಿನ ಜೊತೆ ಕೂತು ನೋಡಿ.

• ಹಂಗಿಸುವವರನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಯಾರು, ಎಲ್ಲಿ, ಏನೆಂದರು ಎಂದು ಬರೆದಿಟ್ಟುಕೊಂಡು ಮುಖ್ಯೋಪಾಧ್ಯಾಯರಿಗೆ ಲಿಖಿತವಾಗಿ ಕೊಡಿ. ಶಿಕ್ಷಕರೇ ಹಂಗಿಸಿದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ಮಾನಸಿಕ ಕಿರುಕುಳ ಕೊಡುವುದನ್ನು ನಿಷೇಧಿಸಿದೆ ಎಂಬುದು ನೆನಪಿರಲಿ. ಮಕ್ಕಳ ಸಹಾಯವಾಣಿ 1098. ತರಗತಿಯಲ್ಲಿ ಒಬ್ಬ ಒಳ್ಳೆಯ ಗೆಳೆಯ ಇದ್ದರೆ ಅವನಿಗೆ ಮಗುವೇ ವಿಷಯ ಹೇಳಲಿ. ಅರ್ಧ ಹಂಗಿಸುವಿಕೆ ಅಲ್ಲೇ ನಿಲ್ಲುತ್ತದೆ.

ಶಸ್ತ್ರಚಿಕಿತ್ಸೆ ಇಲ್ಲದ ದಾರಿಗಳು

• ಎಷ್ಟೋ ಮಕ್ಕಳಿಗೆ ಏನೂ ಬೇಕಾಗುವುದಿಲ್ಲ. ಗುಳಿ ಸಣ್ಣದು, ಹೃದಯ ಶ್ವಾಸಕೋಶ ಚೆನ್ನಾಗಿವೆ, ಮಗುವಿಗೂ ಬೇಸರವಿಲ್ಲ ಎಂದರೆ ವರ್ಷಕ್ಕೊಮ್ಮೆ ತೋರಿಸಿದರೆ ಸಾಕು. ವ್ಯಾಯಾಮದಿಂದ ನಿಲುವು, ಉಸಿರು, ಸ್ನಾಯು ಸುಧಾರಿಸುತ್ತವೆ. ಬಾಗಿದ ಮೂಳೆಯನ್ನು ವ್ಯಾಯಾಮವೊಂದೇ ನೆಟ್ಟಗೆ ಮಾಡುವುದಿಲ್ಲ ಎಂಬುದನ್ನೂ ಮಗುವಿಗೆ ಹೇಳಿ. ಇಲ್ಲದಿದ್ದರೆ "ನಾನು ಸರಿಯಾಗಿ ಮಾಡ್ಲಿಲ್ಲ, ಅದಕ್ಕೇ ಹೋಗ್ಲಿಲ್ಲ" ಎಂದು ತನ್ನನ್ನೇ ದೂರಿಕೊಳ್ಳುತ್ತದೆ.

• ಗುಳಿಗೆ ವ್ಯಾಕ್ಯೂಮ್ ಬೆಲ್. ಇದೊಂದು ಸಿಲಿಕೋನ್ ಬಟ್ಟಲು. ಗುಳಿಯ ಮೇಲಿಟ್ಟು ಕೈಪಂಪಿನಿಂದ ಗಾಳಿ ಎಳೆದರೆ ಎದೆಮೂಳೆ ಮೇಲಕ್ಕೇಳುತ್ತದೆ. ತನಗೇ ಗುಳಿಬಿದ್ದ ಎದೆಯಿದ್ದ ಎಕಾರ್ಟ್ ಕ್ಲೋಬೆ ಎಂಬ ಜರ್ಮನ್ ಎಂಜಿನಿಯರ್ ರೂಪಿಸಿದ ಸಾಧನವಿದು. ಮೊದಮೊದಲು ದಿನಕ್ಕೆರಡು ಸಲ ಅರ್ಧ ಗಂಟೆ, ಆಮೇಲೆ ಹೆಚ್ಚಿಸುತ್ತಾರೆ. ಗುಳಿ ಒಂದೂವರೆ ಸೆಂ.ಮೀ. ಒಳಗಿದ್ದು, ಎದೆಗೂಡು ಇನ್ನೂ ಮೆದುವಾಗಿರುವ, ಹನ್ನೊಂದು ವರ್ಷದೊಳಗಿನ ಮಕ್ಕಳಲ್ಲಿ ಫಲ ಹೆಚ್ಚು. ಒಂದು ವರ್ಷಕ್ಕೂ ಮೀರಿ ದಿನ ತಪ್ಪದೆ ಹಾಕುವ ತಾಳ್ಮೆ ಬೇಕು. ಎಲುಬು ಸುಲಭವಾಗಿ ಮುರಿಯುವ ಕಾಯಿಲೆ, ರಕ್ತ ಹೆಪ್ಪುಗಟ್ಟದ ಕಾಯಿಲೆ, ಮಾರ್ಫಾನ್ ಇರುವವರಿಗೆ ಇದು ಆಗದು. ಆದ್ದರಿಂದ ಆನ್‌ಲೈನಿನಲ್ಲಿ ತರಿಸಿ ನೀವೇ ಶುರುಮಾಡಬೇಡಿ.

• ಉಬ್ಬಿಗೆ ಬ್ರೇಸ್. ಎದೆಗೂಡು ಮೆದುವಾಗಿರುವ ಹದಿಹರೆಯದಲ್ಲಿ ಅಳತೆಗೆ ಮಾಡಿಸಿದ ಪಟ್ಟಿ ಕಟ್ಟಿ ಉಬ್ಬನ್ನು ನಿಧಾನವಾಗಿ ಒತ್ತುತ್ತಾರೆ. ಇದರಿಂದ ಅನೇಕರಿಗೆ ಶಸ್ತ್ರಚಿಕಿತ್ಸೆಯೇ ತಪ್ಪುತ್ತದೆ. ದಿನದ ಬಹುಪಾಲು ಹೊತ್ತು, ಹಲವು ತಿಂಗಳು ಹಾಕಬೇಕು. ಒಳಗೆ ತೆಳು ಹತ್ತಿ ಬನಿಯನ್ ತೊಡಿಸಿ. ದಿನಾ ಸಂಜೆ ಚರ್ಮ ನೋಡಿ. ಕೆಂಪು ಬೇಗ ಹೋಗದಿದ್ದರೆ, ಹುಣ್ಣಾದರೆ ಬ್ರೇಸ್ ತೆಗೆದು ವೈದ್ಯರಿಗೆ ತೋರಿಸಿ. ಶಾಲೆಗೆ ಹಾಕಿಕೊಂಡು ಹೋಗಲು ಮಗು ಒಪ್ಪದಿದ್ದರೆ ಹಠ ಹಿಡಿಯಬೇಡಿ. ಉಳಿದ ಹೊತ್ತಿನ ಲೆಕ್ಕವನ್ನು ವೈದ್ಯರ ಜೊತೆ ಕೂತು ಹೊಂದಿಸಿಕೊಳ್ಳಿ.

ಶಸ್ತ್ರಚಿಕಿತ್ಸೆ ಬೇಕೆಂದಾಗ

• ಇರುವ ವಿಧಾನಗಳು. 1949ರಲ್ಲಿ ಮಾರ್ಕ್ ರಾವಿಚ್ ಪ್ರಕಟಿಸಿದ ವಿಧಾನದಲ್ಲಿ ಎದೆ ತೆರೆದು ವಕ್ರವಾಗಿ ಬೆಳೆದ ಮೃದ್ವಸ್ಥಿ ತೆಗೆದು ಮೂಳೆಯನ್ನು ನೇರಮಾಡುತ್ತಾರೆ. ಅಮೆರಿಕದ ವರ್ಜೀನಿಯಾದ ನಾರ್‌ಫೋಕ್‌ನಲ್ಲಿ ಡೊನಾಲ್ಡ್ ನಸ್ 1987ರಲ್ಲಿ ಆರಂಭಿಸಿ 1998ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಎರಡೂ ಪಕ್ಕದಲ್ಲಿ ಸಣ್ಣದಾಗಿ ಕೊಯ್ದು, ಬಾಗಿಸಿದ ಲೋಹದ ಪಟ್ಟಿಯನ್ನು ಎದೆಮೂಳೆಯ ಹಿಂದೆ ತೂರಿಸಿ ತಿರುಗಿಸುತ್ತಾರೆ. ಗುಳಿ ಅಲ್ಲೇ ಮೇಲಕ್ಕೇಳುತ್ತದೆ. ಪಟ್ಟಿ ಎರಡರಿಂದ ನಾಲ್ಕು ವರ್ಷ, ಹೆಚ್ಚಾಗಿ ಮೂರು ವರ್ಷ ಒಳಗಿದ್ದು ಆಮೇಲೆ ಹೊರಬರುತ್ತದೆ. ನಿಮ್ಮ ಮಗುವಿಗೆ ಯಾವುದು, ಯಾಕೆ ಎಂದು ಬಿಡಿಸಿ ಕೇಳಿ.

• ಅವಸರ ಬೇಡ, ತೀರ ತಡವೂ ಬೇಡ. ತೀರ ಎಳೆಯ ವಯಸ್ಸಿನಲ್ಲಿ ಮೃದ್ವಸ್ಥಿ ಹೆಚ್ಚು ತೆಗೆದ ಮಕ್ಕಳಲ್ಲಿ ಎದೆಗೂಡಿನ ಬೆಳವಣಿಗೆಯೇ ಕುಂಠಿತವಾದದ್ದು ಹಿಂದೆ ಕಂಡುಬಂದಿದೆ. ಈಗ ಹೆಚ್ಚಿನವರು ಹನ್ನೆರಡರಿಂದ ಹದಿನಾರರ ನಡುವಿನ ವಯಸ್ಸನ್ನು ಆರಿಸುತ್ತಾರೆ. ಎಲುಬು ಆಗ ಇನ್ನೂ ಬಾಗುತ್ತದೆ.

• ಮಗುವಿನ ಒಪ್ಪಿಗೆ ಇಲ್ಲದೆ ಮುಂದುವರಿಯಬೇಡಿ. ನೋವು ತಡೆದುಕೊಳ್ಳಬೇಕಾದದ್ದು, ಮೂರು ವರ್ಷ ಪಟ್ಟಿ ಹೊರಬೇಕಾದದ್ದು ಮಗುವೇ. ನೋವಿನ ಬಗ್ಗೆ ನಿಜ ಹೇಳಿ: ಮೊದಲ ಕೆಲವು ದಿನ ತುಂಬ ನೋವಿರುತ್ತದೆ, ಅದಕ್ಕೆ ಔಷಧಿ ಕೊಡುತ್ತಾರೆ, ವಾರ ಕಳೆದಂತೆ ಇಳಿಯುತ್ತದೆ. "ಏನೂ ಆಗಲ್ಲ, ಇರುವೆ ಕಚ್ಚಿದ ಹಾಗೆ" ಎಂದು ಸುಳ್ಳು ಹೇಳಿದರೆ ಆಮೇಲೆ ನಿಮ್ಮ ಯಾವ ಮಾತನ್ನೂ ಮಗು ನಂಬುವುದಿಲ್ಲ.

• ವೈದ್ಯರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ. ಈ ಶಸ್ತ್ರಚಿಕಿತ್ಸೆಯನ್ನು ನೀವು ಎಷ್ಟು ಮಕ್ಕಳಿಗೆ ಮಾಡಿದ್ದೀರಿ? ಪಟ್ಟಿ ಜರುಗಿದರೆ ಏನು ಮಾಡುತ್ತೀರಿ? ನೋವು ತಡೆಯಲು ಏನು ವ್ಯವಸ್ಥೆ ಇದೆ? ಪಕ್ಕೆಯ ನರವನ್ನು ತಣ್ಣಗಾಗಿಸಿ ಮರಗಟ್ಟಿಸುವ ಕ್ರಯೋ ವಿಧಾನ ಇದೆಯೇ? ಪಟ್ಟಿ ಉಕ್ಕಿನದೋ ಟೈಟಾನಿಯಂನದೋ? ಅಗ್ಗದ ಓಲೆ, ಗಡಿಯಾರದ ಪಟ್ಟಿ, ಬೆಲ್ಟಿನ ಬಕಲ್ ತಾಗಿದಲ್ಲಿ ಮಗುವಿನ ಮೈ ಕಜ್ಜಿಯಾಗುತ್ತಿದ್ದರೆ ತಪ್ಪದೆ ಹೇಳಿ. ನಿಕ್ಕಲ್ ಅಲರ್ಜಿ ಇದ್ದರೆ ಬೇರೆ ಲೋಹದ ಪಟ್ಟಿ ಬೇಕಾಗುತ್ತದೆ.

• ದಿನ ಗೊತ್ತುಮಾಡುವಾಗ ಬೇಸಿಗೆ ರಜೆ ನೋಡಿ. ಏಪ್ರಿಲ್ ನಡುವೆ ಶಸ್ತ್ರಚಿಕಿತ್ಸೆ ಆದರೆ ಶಾಲೆ ತೆರೆಯುವ ಹೊತ್ತಿಗೆ ಮೊದಲ ಆರು ವಾರ ಕಳೆದಿರುತ್ತದೆ. ದಸರಾ ರಜೆ ಇದಕ್ಕೆ ಸಾಲದು. ಎಸ್ಸೆಸ್ಸೆಲ್ಸಿ ಓದುವ ವರ್ಷದ ನಡುವೆ ಬೇಡ. ಆದರೆ ಹೃದಯಕ್ಕೆ ತೊಂದರೆಯಾಗುತ್ತಿದೆ ಎಂದು ವೈದ್ಯರು ಹೇಳಿದರೆ ಪರೀಕ್ಷೆಗಾಗಿ ಕಾಯಬೇಡಿ.

• ಖರ್ಚಿನ ಲೆಕ್ಕ ಮೊದಲೇ ಬರೆಸಿಕೊಳ್ಳಿ. ಪಟ್ಟಿಯ ಬೆಲೆ, ಮುಂದೆ ಅದನ್ನು ತೆಗೆಯುವ ಖರ್ಚು ಸೇರಿದೆಯೇ ಕೇಳಿ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ನೆರವಿದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಸಿಗುತ್ತದೆ. ನಿಮ್ಮ ಮಗುವಿನ ಶಸ್ತ್ರಚಿಕಿತ್ಸೆ ಅದರಲ್ಲಿ ಬರುತ್ತದೆಯೇ, ಸರ್ಕಾರಿ ಆಸ್ಪತ್ರೆಯ ಚೀಟಿ ಬೇಕೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿ. ಖಾಸಗಿ ವಿಮೆಯವರು "ಇದು ಅಂದಕ್ಕೆ ಮಾಡಿಸುವುದು" ಎಂದು ನಿರಾಕರಿಸಬಹುದು. ಸೂಚ್ಯಂಕ, ಎಕೋ, ಉಸಿರಿನ ಪರೀಕ್ಷೆಯ ಫಲಿತಾಂಶವನ್ನು ವೈದ್ಯರ ಪತ್ರದಲ್ಲೇ ಬರೆಸಿ ಲಗತ್ತಿಸಿ.

ಶಸ್ತ್ರಚಿಕಿತ್ಸೆಯ ನಂತರ

• ಎಬ್ಬಿಸುವಾಗ ಕೈಹಿಡಿದು ಎಳೆಯಬೇಡಿ. ಬೆನ್ನ ಹಿಂದೆ ಕೈಯಿಟ್ಟು ಆಸರೆ ಕೊಟ್ಟು ಎಬ್ಬಿಸಿ. ಮೊದಲ ವಾರಗಳಲ್ಲಿ ಅಂಗಾತ ಮಲಗಬೇಕು, ಸೊಂಟ ತಿರುಚಬಾರದು. ಕೆಮ್ಮು ಬಂದಾಗ ದಿಂಬು ತಬ್ಬಿಕೊಂಡರೆ ನೋವು ತಡೆಯಬಹುದು. ಮೂರು ಚೆಂಡಿನ ಸ್ಪೈರೋಮೀಟರ್ ಕೊಟ್ಟಿದ್ದರೆ ಹೇಳಿದಷ್ಟು ಸಲ ಉಸಿರೆಳೆಸಿ. ಶ್ವಾಸಕೋಶದಲ್ಲಿ ಕಫ ಕಟ್ಟದಿರಲು ಅದು ಬೇಕೇ ಬೇಕು.

• ಹೊಟ್ಟೆಯ ಕಡೆ ಗಮನವಿರಲಿ. ನೋವಿನ ಔಷಧಿಯಿಂದ ಮಲಬದ್ಧತೆ ಆಗುತ್ತದೆ, ಮುಕ್ಕಿದರೆ ಎದೆ ನೋಯುತ್ತದೆ. ನೀರು, ಮಜ್ಜಿಗೆ, ಬಾಳೆಹಣ್ಣು, ಸೊಪ್ಪಿನ ಸಾರು, ಮೆತ್ತಗಿನ ಅನ್ನ ಕೊಡಿ. ಸಾಲದಿದ್ದರೆ ವೈದ್ಯರಿಂದ ಔಷಧಿ ಬರೆಸಿ.

• ಭಾರ ಮತ್ತು ಪೆಟ್ಟು ದೂರವಿರಲಿ. ಮೊದಲ ಆರು ವಾರ ಶಾಲಾ ಬ್ಯಾಗು ಬೇರೆಯವರು ಹೊರಲಿ, ಬೇಕಾದರೆ ಎರಡನೇ ಜೊತೆ ಪುಸ್ತಕ ಶಾಲೆಯಲ್ಲೇ ಇರಲಿ. ಬಸ್ಸಿನಲ್ಲಿ ಮೇಲಿನ ಸರಳು ಹಿಡಿದು ನೇತಾಡುವುದು, ಬೈಕಿನ ಹಿಂದೆ ಕೂರುವುದು ಬೇಡ. ನಡೆಯುವುದು ಮೊದಲ ದಿನಗಳಿಂದಲೇ ಒಳ್ಳೆಯದು. ಓಟ, ಈಜಿಗೆ ವೈದ್ಯರು ದಿನ ಹೇಳುತ್ತಾರೆ. ಪಟ್ಟಿ ಒಳಗಿರುವಷ್ಟು ಕಾಲ ಕಬಡ್ಡಿ, ಕುಸ್ತಿ, ಕರಾಟೆಯಂಥ ಮೈಗೆ ಮೈ ತಾಗುವ ಆಟಗಳ ಬಗ್ಗೆ ಅವರನ್ನು ಕೇಳದೆ ಹೆಜ್ಜೆಯಿಡಬೇಡಿ.

• ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು: ಹಠಾತ್ ಎದೆನೋವು, ಉಸಿರು ಸಿಕ್ಕಿಕೊಳ್ಳುವುದು, ಜ್ವರ, ಗಾಯ ಕೆಂಪಾಗಿ ಕೀವು ಬರುವುದು, ಎದೆಯ ಆಕಾರ ಇದ್ದಕ್ಕಿದ್ದಂತೆ ಬದಲಾಗುವುದು.

• ಒಂದು ಚೀಟಿ ಸದಾ ಜೇಬಿನಲ್ಲಿರಲಿ. ಎದೆಯಲ್ಲಿ ಲೋಹದ ಪಟ್ಟಿ ಇದೆ; ತುರ್ತಿನಲ್ಲಿ ಎದೆ ಒತ್ತಬಹುದು, ಆದರೆ ಹೆಚ್ಚು ಬಲ ಬೇಕು; ಡಿಫಿಬ್ರಿಲೇಟರ್ ಬಳಸಿದರೆ ಒಂದು ಪ್ಯಾಡ್ ಎದೆಗೆ, ಇನ್ನೊಂದು ಬೆನ್ನಿಗೆ ಎಂದು ಬರೆದಿರಲಿ. ಶಾಲೆಯಲ್ಲೂ ಒಂದು ಪ್ರತಿ ಇಡಿ. ಮೆಟ್ರೊ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಯಂತ್ರ ಸದ್ದು ಮಾಡಿದರೆ ವೈದ್ಯರ ಪತ್ರ ತೋರಿಸಿದರಾಯಿತು. ಎಂಆರ್‌ಐ ಮಾಡುವ ಸಂದರ್ಭ ಬಂದರೆ ಪಟ್ಟಿಯ ವಿಷಯ ಮೊದಲೇ ಹೇಳಿ.

• ಪಟ್ಟಿ ತೆಗೆಸುವ ದಿನ ಮರೆಯಬೇಡಿ. ನೋವಿಲ್ಲ, ಮಗು ಆಡಿಕೊಂಡಿದೆ ಎಂದು ಕೆಲವರು ಹೋಗುವುದೇ ಇಲ್ಲ. ಕಾಲ ಮೀರಿದರೆ ಸುತ್ತ ಎಲುಬು ಬೆಳೆದು ತೆಗೆಯುವುದು ಕಷ್ಟವಾಗುತ್ತದೆ. ಕಡತದ ಮೊದಲ ಪುಟದಲ್ಲೇ ಆ ತಿಂಗಳು, ವರ್ಷ ಬರೆದಿಡಿ.

ಹೆತ್ತವರೇ, ಇಷ್ಟೆಲ್ಲ ಓದಿ ಗಾಬರಿಯಾಗಬೇಡಿ. ನಿಮ್ಮ ಮಗುವಿಗೆ ಇದರಲ್ಲಿ ಬೇಕಾಗುವುದು ಕೆಲವೇ ಮಾತು. ಈ ತಿಂಗಳೇ ಒಂದು ದಿನ ಬಿಡುವು ಮಾಡಿಕೊಂಡು ಮಕ್ಕಳ ವೈದ್ಯರಿಗೆ ತೋರಿಸಿ. ಅದಕ್ಕೂ ಮುಂಚೆ, ಇವತ್ತು ಸಂಜೆಯೇ ಮಗುವಿನ ಪಕ್ಕದಲ್ಲಿ ಕೂತು "ನಿನ್ನ ಎದೆ ಬಗ್ಗೆ ಮಾತಾಡೋಣ್ವಾ?" ಎಂದು ಕೇಳಿ. ಚಿಕಿತ್ಸೆ ಬೇಕಾದರೆ ಸಿಗುತ್ತದೆ, ಬೇಡವಾದರೆ ಇನ್ನೂ ಒಳ್ಳೆಯದು. ಎರಡರಲ್ಲಿ ಯಾವುದಾದರೂ ಸರಿ, ನಾಚಿಕೆ ಇಲ್ಲದೆ ತಲೆಯೆತ್ತಿ ಬೆಳೆಯುವುದು ಆ ಮಗುವಿನ ಹಕ್ಕು. ಅದನ್ನು ಕೊಡಬೇಕಾದವರು ನೀವು.